ಸರ್ ಅಲೆಕ್ಸಾಂಡರ್ ಫ್ಲೆಮಿಂಗ್ ಇವರ ಚರಿತ್ರವು

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಗೆ ಬೂಷ್ಟು ಹತ್ತಿತೆಂದರೆ ವ್ಯಾಪಾರಿಯ ಮುಖವು ಬಾಡುವದು. ಅಂಥ ತುಚ್ಛವಾದ ಬೂಷ್ಟಿನಲ್ಲಿ ಅಸಂಖ್ಯ ಜನರ ಪ್ರಾಣವುಳಿಸುವ ಔಷಧವನ್ನು ಕಂಡ ಮಹನೀಯರ ಚರಿತ್ರವನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಫ್ಲೆಮಿಂಗರು 1881ನೆಯ ಇಸವಿ ಆಗಸ್ಟ 6ರಂದು ಸ್ಕಾಟ್ಲಂಡದ ಒಂದು ಒಕ್ಕಲು ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯು ತೀರಿಕೊಂಡನು. ಲಂಡನ್ನಿನ ಹಡಗು ಕಂಪನಿಯೊಂದರಲ್ಲಿ ಕಾರಕೂನಿಕೆ ಮಾಡಿ, ಬಳಿಕ ಬಂಧುವೊಬ್ಬನು ಬಿಟ್ಟುಹೋದ ಹಣದ ನೆರವಿನಿಂದ ವೈದ್ಯವಿದ್ಯೆಯನ್ನು ಕಲಿತರು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗಳು ಕೊಳೆತು ಸಾಯುವ ಸೈನಿಕರನ್ನು ಕಣ್ಣಾರೆ ಕಂಡರು.

1928ರ ಸಪ್ಟಂಬರದಲ್ಲಿ ರಜೆಯಿಂದ ಮರಳಿದಾಗ, ರೋಗಾಣುಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಯೊಂದಕ್ಕೆ ಬೂಷ್ಟು ಹತ್ತಿತ್ತು. ಅದರ ಸುತ್ತಲಿನ ಅಣುಗಳು ಕರಗಿಹೋಗಿದ್ದವು. ಅದರ ರಸಕ್ಕೆ ಅವರು ಪೆನಿಸಿಲಿನ್ ಎಂದು ಹೆಸರಿಟ್ಟರು. ಅದನ್ನು ಶುದ್ಧಗೊಳಿಸಿ ಔಷಧವಾಗಿಸಿದವರಾದರೋ ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮೊದಲಾದವರು. ಇದನ್ನು ಮರೆಯುವದು ನ್ಯಾಯವಲ್ಲ. 1945ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕವು ದೊರೆಯಿತು.

ಆ ಸಂದರ್ಭದ ಉಪನ್ಯಾಸದಲ್ಲಿ ಫ್ಲೆಮಿಂಗರು ಒಂದು ಕಲ್ಪಿತ ಸಂಸಾರದ ಕಥೆಯನ್ನು ಹೇಳಿದರು. ಗಂಡನಿಗೆ ಗಂಟಲುಬೇನೆ. ಆತನು ತಾನೇ ಪೆನಿಸಿಲಿನ್ ಕೊಂಡು, ಅಣುಗಳು ಸಾಯುವಷ್ಟು ಸೇವಿಸದೆ, ಅವುಗಳಿಗೆ ಔಷಧವನ್ನು ತಾಳಿಕೊಳ್ಳುವದನ್ನೇ ಕಲಿಸುವನು. ಅವೇ ಅಣುಗಳು ಹೆಂಡತಿಗೆ ತಗಲಲು, ಔಷಧವು ನಾಟದೆ ಆಕೆಯು ಸಾಯುವಳು. ಈ ಸಾವಿಗೆ ಗಂಡನೇ ಹೊಣೆಯೆಂದು ಅವರು ತೀರ್ಮಾನಿಸಿದರು.

ಇದರ ಮರ್ಮವು ಕಠಿಣವಲ್ಲ. ರಾಣೆಬೆನ್ನೂರ ಕಡೆಯ ಬೀಜದ ಬೆಳೆಗಾರರು ಬೇಡವಾದ ಗಿಡಗಳನ್ನು ಕಿತ್ತು ಬೇಕಾದವುಗಳನ್ನು ಉಳಿಸುವಂತೆ, ಔಷಧವು ಬಲಹೀನ ಅಣುಗಳನ್ನು ಕೊಂದು ಗಟ್ಟಿಯಾದವುಗಳನ್ನು ಉಳಿಸುವದು. ಮುಂದೆ ಅವುಗಳದೇ ಸಂತತಿ. ಔಷಧವನ್ನು ಅನಾವಶ್ಯಕವಾಗಿ ಸೇವಿಸಿದರೂ ಇದೇ ಗತಿ. ನೆಗಡಿಯ ವೈರಾಣುಗಳಿಗಂತೂ ಇಂಥ ಔಷಧವು ತಟ್ಟುವದೇ ಇಲ್ಲ. ಆದರೂ ಹಾವೇರಿಯ ನಮ್ಮ ಮನೆಯ ಮಾಡದಲ್ಲಿ ಹಿಂದಿನ ಜ್ವರದ ನಾಲ್ಕು ಗುಳಿಗೆಗಳು ಉಳಿದಿದ್ದವು. ನೆರೆಮನೆಯ ಮಗುವಿಗೆ ಕೆಮ್ಮು ಬಂದಾಗ ನಾವೇ ಅವನ್ನು ಕೊಟ್ಟುಬಿಟ್ಟಿದ್ದೆವು.

ಫ್ಲೆಮಿಂಗರ ಭಯವು ಬೇಗನೆ ನಿಜವಾಯಿತು. ಲಂಡನ್ನಿನ ಒಂದು ದವಾಖಾನೆಯಲ್ಲಿ ಮೇರಿ ಬಾರ್ಬರ್ ಎಂಬ ವಿದುಷಿಯು ಪರೀಕ್ಷಿಸಿದ ಕೀವಿನ ಅಣುಗಳಲ್ಲಿ, 1948ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚಿನವು ಪೆನಿಸಿಲಿನ್ನಿಗೆ ಜಗ್ಗದಾಗಿದ್ದವು. ಔಷಧದ ಬಳಕೆಯನ್ನು ಬಿಗಿಹಿಡಿದು, ರೋಗಿಯಿಂದ ರೋಗಿಗೆ ಸೋಂಕು ದಾಟದಂತೆ ಎಚ್ಚರವಹಿಸಿದರೆ ಅಂಥ ಅಣುಗಳು ಕಡಿಮೆಯಾಗುವವೆಂದು ಅದೇ ವಿದುಷಿಯು 1960ರಲ್ಲಿ ಪ್ರಕಟಿಸಿದರು. ಅದನ್ನು ಓದಲು ಫ್ಲೆಮಿಂಗರು ಇರಲಿಲ್ಲ; 1955ರ ಮಾರ್ಚ 11ರಂದು ಅವರು ತೀರಿಕೊಂಡಿದ್ದರು. ಲಂಡನ್ನಿನ ಸಂತ ಪೌಲರ ದೇವಾಲಯದಲ್ಲಿ ಅವರ ಸಮಾಧಿ ಇರುವದು.