ಐದು ಪೌಂಡ್ ಕಟ್ಟಲಾಗದೆ ಹೋದ ಪೇಟೆಂಟ್

ನಾವು ಪರೀಕ್ಷೆಗೆ ಅಂತ ಓದೋ ಬ್ರೇಟನ್ ಸೈಕಲ್ ನೆನಪಿದೆಯಲ್ಲ? ಗಾಳಿಯನ್ನು ಒತ್ತು, ಇಂಧನ ಉರಿಸು, ಬಿಸಿ ಅನಿಲದಿಂದ ಟರ್ಬೈನ್ ತಿರುಗಿಸು. ಇದನ್ನೇ ವಿಮಾನ ಹಾರಿಸೋ ಜೆಟ್ ಎಂಜಿನ್ ಮಾಡಲು ಜೀವನ ಸವೆಸಿದವರು ಫ್ರಾಂಕ್ ವಿಟಲ್.

ವಿಟಲ್ ಹುಟ್ಟಿದ್ದು 1907ರ ಜೂನ್ 1ರಂದು, ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ. ಅಪ್ಪ ಮೆಕ್ಯಾನಿಕ್. ಅವರ ಪುಟ್ಟ ವರ್ಕ್‌ಶಾಪಿನಲ್ಲೇ ಹುಡುಗ ಯಂತ್ರಗಳ ಕೆಲಸ ಕಲಿತ. ವಾಯುಪಡೆ ಸೇರಲು ಹೋದಾಗ ಕುಳ್ಳ ಅಂತ ವಾಪಸ್ ಕಳಿಸಿದರು. ವ್ಯಾಯಾಮ ಮಾಡಿ ಮತ್ತೆ ಪ್ರಯತ್ನಿಸಿ, 1923ರಲ್ಲಿ ಅಪ್ರೆಂಟಿಸ್ ಆಗಿ ಸೇರಿಕೊಂಡರು. ಅಲ್ಲಿಂದ ಕ್ರಾನ್‌ವೆಲ್ ಕಾಲೇಜಿಗೆ ಆಯ್ಕೆಯಾಗಿ ಪೈಲಟ್ ಕೂಡ ಆದರು.

1928ರಲ್ಲಿ, ಅಂದ್ರೆ 21ನೇ ವಯಸ್ಸಲ್ಲಿ, ಅವರು ಕಾಲೇಜಿಗಾಗಿ ಬರೆದ ಪ್ರಬಂಧದ ವಿಷಯ ಮುಂದಿನ ಕಾಲದ ವಿಮಾನಗಳು. ವೇಗ ಬೇಕಂದ್ರೆ ತೆಳು ಗಾಳಿ ಇರೋ ಎತ್ತರಕ್ಕೆ ಹೋಗಬೇಕು. ಅಲ್ಲಿ ಪಿಸ್ಟನ್ ಎಂಜಿನ್, ಪ್ರೊಪೆಲ್ಲರ್ ಎರಡೂ ಸೋಲುತ್ತವೆ. ಮರುವರ್ಷ ಉತ್ತರ ಹೊಳೆಯಿತು: ಗ್ಯಾಸ್ ಟರ್ಬೈನ್ ಇಟ್ಟು, ಬಿಸಿ ಅನಿಲವನ್ನು ಹಿಂದಕ್ಕೆ ಚಿಮ್ಮಿಸಿದರೆ ಸಾಕು. ಏರ್ ಮಿನಿಸ್ಟ್ರಿ ಆಸಕ್ತಿ ತೋರಿಸಲಿಲ್ಲ. 1930ರಲ್ಲಿ ತಾವೇ ಪೇಟೆಂಟ್‌ಗೆ ಅರ್ಜಿ ಹಾಕಿದರು. 1935ರಲ್ಲಿ ಅದನ್ನು ನವೀಕರಿಸಲು ಬೇಕಿದ್ದದ್ದು ಬರೀ 5 ಪೌಂಡ್. ಸಂಸಾರಸ್ಥ ವಿಟಲ್ ಕೈಲಿ ಅಷ್ಟು ದುಡ್ಡಿರಲಿಲ್ಲ, ಸರ್ಕಾರ ಕೊಡಲಿಲ್ಲ. ಪೇಟೆಂಟ್ ಹೋಯಿತು.

ಅದೇ ವರ್ಷ ವಾಯುಪಡೆಯ ಹಳೇ ಗೆಳೆಯರೊಬ್ಬರು ಬಂಡವಾಳ ಹುಡುಕಿಕೊಡಲು ಮುಂದೆ ಬಂದರು. 1936ರಲ್ಲಿ ಪವರ್ ಜೆಟ್ಸ್ ಅನ್ನೋ ಕಂಪನಿ ಶುರುವಾಯಿತು. ವಿಟಲ್ ಆಗ ಕೇಂಬ್ರಿಡ್ಜ್‌ನಲ್ಲಿ ಮೆಕ್ಯಾನಿಕಲ್ ಸೈನ್ಸಸ್ ಓದ್ತಿದ್ರು, ಫಸ್ಟ್ ಕ್ಲಾಸ್ ಕೂಡ ಬಂತು. ಎಂಜಿನ್ ಕೆಲಸಕ್ಕೆ ವಾಯುಪಡೆ ಕೊಟ್ಟ ಅನುಮತಿ ವಾರಕ್ಕೆ 6 ಗಂಟೆ ಮಾತ್ರ!

1937ರ ಏಪ್ರಿಲ್ 12ರಂದು ರಗ್ಬಿ ಊರಿನಲ್ಲಿ ಎಂಜಿನ್ ಮೊದಲ ಸಲ ಓಡಿತು. ಓಡಿದ್ದಷ್ಟೇ ಅಲ್ಲ, ಇಂಧನದ ವಾಲ್ವ್ ಮುಚ್ಚಿದರೂ ವೇಗ ಏರುತ್ತಲೇ ಹೋಯಿತು. ಸುತ್ತ ಇದ್ದವರು ಓಡಿಹೋದರು, ವಿಟಲ್ ನಿಂತಲ್ಲೇ ನಿಂತಿದ್ದರು. ಸೋರಿದ ಇಂಧನ ಒಳಗೆ ನಿಂತು ಉರಿಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಇಂಧನ ಸರಿಯಾಗಿ ಉರಿಸೋದೇ ವರ್ಷಗಟ್ಟಲೆ ತಲೆನೋವಾಯಿತು. ಕೊನೆಗೆ 1940ರಲ್ಲಿ ದಾರಿ ಸಿಕ್ಕಿದ್ದು ಶೆಲ್ ತೈಲ ಕಂಪನಿಯ ಪ್ರಯೋಗಾಲಯದ ಬರ್ನರ್‌ನಿಂದ.

ಅಷ್ಟರಲ್ಲಿ ಜರ್ಮನಿ ಮುಂದೆ ಹೋಗಿತ್ತು. ಹಾನ್ಸ್ ಫಾನ್ ಓಹೈನ್ ಅವರ ಎಂಜಿನ್ ಇದ್ದ ವಿಮಾನ 1939ರ ಆಗಸ್ಟ್‌ನಲ್ಲೇ ಹಾರಿತ್ತು. ವಿಟಲ್ ಎಂಜಿನ್ ಹಾರಿದ್ದು 1941ರ ಮೇ 15ರಂದು, ಕ್ರಾನ್‌ವೆಲ್‌ನಲ್ಲಿ, 17 ನಿಮಿಷ. ಒತ್ತಡದಿಂದ ವಿಟಲ್ ಆರೋಗ್ಯ ಮಾತ್ರ ಕುಸಿಯಿತು. 1944ರಲ್ಲಿ ಸರ್ಕಾರ ಅವರ ಕಂಪನಿಯನ್ನೂ ತೆಗೆದುಕೊಂಡಿತು. 1948ರಲ್ಲಿ ಸರ್ ಪದವಿ, 1 ಲಕ್ಷ ಪೌಂಡ್ ಬಹುಮಾನ ಬಂತು.

ಅಲ್ಲಿಗೆ ಅವರು ಸುಮ್ಮನಾಗಲಿಲ್ಲ. 1953ರಲ್ಲಿ ಅದೇ ಶೆಲ್ ಸಮೂಹ ಸೇರಿ ತೈಲ ಬಾವಿ ಕೊರೆಯೋ ಟರ್ಬೋಡ್ರಿಲ್ ವಿನ್ಯಾಸಕ್ಕೆ ಕೈ ಹಾಕಿದರು. ಮೇಲಿನಿಂದ ಪಂಪ್ ಮಾಡಿದ ಕೆಸರು ತಳದಲ್ಲಿರೋ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಡ್ರಿಲ್ಲನ್ನು ತಿರುಗಿಸುತ್ತದೆ. ಉದ್ದದ ಪೈಪನ್ನೆಲ್ಲ ತಿರುಗಿಸೋದು ಬೇಡ. ಆಕಾಶಕ್ಕೆ ಏರಿಸಿದ ಟರ್ಬೈನನ್ನೇ ನೆಲದೊಳಗೆ ಇಳಿಸಿದ್ದರು! 1976ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದರು. ಅಲ್ಲಿ ಓಹೈನ್ ಜೊತೆ ಸ್ನೇಹವೂ ಆಯಿತು. 1996ರಲ್ಲಿ ವಿಟಲ್ ತೀರಿಕೊಂಡರು.

ಕೋರ್ ಬ್ರಾಂಚ್‌ನಲ್ಲಿ ಏನಿದೆ ಅಂತ ಯಾರಾದ್ರೂ ಕೇಳಿದ್ರೆ, ಮುಂದಿನ ಸಲ ತಲೆ ಮೇಲೆ ವಿಮಾನ ಹೋದಾಗ ಕೈ ತೋರಿಸಿ.