ಸಾಲಗಾರರ ಪರ ಮಾತಾಡಿದ ಅಂತೋಣಿ

ಬೈಕಿನ ಕೀ, ಆಫೀಸಿನ ಐಡಿ ಕಾರ್ಡು, ಪಾಸ್‌ಪೋರ್ಟ್, ಮದುವೆಯ ಉಂಗುರ. ಏನೇ ಕಾಣೆಯಾಗಲಿ, ಕಥೋಲಿಕರ ಮನೆಯಲ್ಲಿ ಮೊದಲು ಬಾಯಿಗೆ ಬರುವ ಹೆಸರು ಸಂತ ಅಂತೋಣಿಯವರದು. ಕಳೆದ ವಸ್ತು ಸಿಗಲೆಂದು ನಮ್ಮ ಕರಾವಳಿಯವರು ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಳ್ಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಚೆನ್ನೈಯಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಪ್ಯಾರಿಸ್ ಕಾರ್ನರ್ ಪಕ್ಕದ ಆರ್ಮೇನಿಯನ್ ಸ್ಟ್ರೀಟ್ ಗೊತ್ತಿರುತ್ತದೆ. ಅಲ್ಲಿನ ಸೇಂಟ್ ಮೇರಿಸ್ ಕೋ-ಕೆಥೆಡ್ರಲ್ ಈ ಊರಿನವರ ಬಾಯಲ್ಲಿ ಅಂತೋಣಿಯಾರ್ ಕೋವಿಲ್. ಮಂಗಳವಾರ ಅಲ್ಲಿ ಜನವೋ ಜನ. ಕೋರ್ಟಿನ ಫೈಲು ಹಿಡಿದವರು, ಸಗಟು ಅಂಗಡಿಯ ಗುಮಾಸ್ತರು, ಕೆಲಸ ಹುಡುಕುವ ಹುಡುಗರು. ಅವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ.

ಕಥೋಲಿಕರ ಲೆಕ್ಕದಲ್ಲಿ ಸಂತರು ತಾವಾಗಿ ವರ ಕೊಡುವವರಲ್ಲ, ದೇವರ ಬಳಿ ನಮ್ಮ ಪರವಾಗಿ ಬೇಡಿಕೊಳ್ಳುವವರು. ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಶಿಫಾರಸು. ಒಂದೊಂದು ಕಸುಬಿಗೂ ಒಬ್ಬೊಬ್ಬರಿದ್ದಾರೆ. ಬಡಗಿಗೆ ಜೋಸೆಫರು, ರೈತನಿಗೆ ಇಸಿದೋರರು, ಹಿಂದೆ ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯರು ನಮ್ಮಂಥ ಲೆಕ್ಕಪತ್ರದವರಿಗೆ. ಸುದ್ದಿ ತಂದ ದೇವದೂತ ಗಬ್ರಿಯೇಲನಿಗೆ 1951ರಲ್ಲಿ ಪೋಪ್ 12ನೇ ಪಿಯುಸ್ ದೂರಸಂಪರ್ಕ ಇಲಾಖೆಯನ್ನೇ ಒಪ್ಪಿಸಿದರು. ಅಂತೋಣಿಯವರಿಗೆ ಹೀಗೆ ಒಂದೇ ಕಸುಬಿನ ಬೇಲಿ ಇಲ್ಲ. ಆದರೆ ಅವರನ್ನು ಬರೀ ಕೀ ಹುಡುಕಿಕೊಡುವವರನ್ನಾಗಿ ಮಾಡಿಬಿಟ್ಟದ್ದು ಅಷ್ಟು ಸರಿಯಲ್ಲ ಎಂದು ನನಗನ್ನಿಸುತ್ತದೆ. ಯಾಕೆಂದರೆ ಬದುಕಿದ್ದಾಗ ಅವರು ಶಿಫಾರಸು ಮಾಡಿದ್ದು ಬೇರೆಯದೇ ವಿಷಯಕ್ಕೆ.

ಪಾದುವಾದ ಅಂತೋಣಿ ಎಂದು ಜಗತ್ತೆಲ್ಲ ಕರೆದರೂ ಅವರು ಪಾದುವಾದವರಲ್ಲ, ಇಟಲಿಯವರೂ ಅಲ್ಲ. ನಮ್ಮ ಹಾಗೆ ಹೊರನಾಡಿಗರು. ಹುಟ್ಟಿದ್ದು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ, 1195ರಲ್ಲಿ ಎನ್ನುವುದು ರೂಢಿ. ತಂದೆತಾಯಿ ಇಟ್ಟ ಹೆಸರು ಫೆರ್ನಾಂದೊ. ಪೋರ್ಚುಗೀಸರು ಇಂದಿಗೂ ಪಟ್ಟು ಬಿಡದೆ ಲಿಸ್ಬನ್ನಿನ ಅಂತೋಣಿ ಎಂದೇ ಕರೆಯುತ್ತಾರೆ. ಅನುಕೂಲಸ್ಥರ ಮನೆಯ ಹುಡುಗ ಹದಿನೈದರ ಆಸುಪಾಸಿನಲ್ಲಿ ಅಗಸ್ಟೀನರ ಮಠ ಸೇರಿದ. ಮಠ ಊರಿಗೆ ಹತ್ತಿರ. ನೆಂಟರು, ಗೆಳೆಯರು ಬಂದು ಕೂರುತ್ತಿದ್ದರು. ಓದು ಸಾಗದೆ ಕೊಯಿಂಬ್ರಾದ ಸಾಂತಾ ಕ್ರೂಜ್ ಮಠಕ್ಕೆ ಹೋಗಿ ಸುಮಾರು ಎಂಟು ವರ್ಷ ಬೈಬಲ್ಲಿನಲ್ಲಿ ಮುಳುಗಿದ.

1220ರಲ್ಲಿ ಮೊರಾಕೊದ ಮರ್ರಾಕೇಶ್‌ನಲ್ಲಿ ಧರ್ಮ ಬೋಧಿಸಲು ಹೋದ ಐವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ಕೊಲೆಯಾಯಿತು. ಅವರ ದೇಹಗಳು ಬಂದದ್ದು ಕೊಯಿಂಬ್ರಾಕ್ಕೆ, ಫೆರ್ನಾಂದೊ ಇದ್ದ ಅದೇ ಮಠಕ್ಕೆ. ಆತ ಭದ್ರವಾದ, ಗೌರವದ ಮಠ ಬಿಟ್ಟು ಬರಿಗಾಲಿನ ಫ್ರಾನ್ಸಿಸ್ಕನ್ನರನ್ನು ಸೇರಿಕೊಂಡ. ಅಂತೋಣಿ ಎಂಬ ಹೊಸ ಹೆಸರಿಟ್ಟುಕೊಂಡು, ತಾನೂ ಹುತಾತ್ಮನಾಗಬೇಕೆಂದು ಮೊರಾಕೊಗೆ ಹಡಗು ಹತ್ತಿದ.

ಅಲ್ಲಿ ಆದದ್ದು ಜ್ವರ. ಇಡೀ ಚಳಿಗಾಲ ಹಾಸಿಗೆ ಹಿಡಿದು, ಒಂದು ಉಪದೇಶವನ್ನೂ ಮಾಡದೆ ವಾಪಸ್ ಹೊರಟರೆ ಗಾಳಿ ಹಡಗನ್ನು ಸಿಸಿಲಿಗೆ ಒಯ್ದು ಬಿಟ್ಟಿತು. ಗೊತ್ತಿಲ್ಲದ ದೇಶ. 1221ರಲ್ಲಿ ಅಸ್ಸಿಸಿಯಲ್ಲಿ ಸಂತ ಫ್ರಾನ್ಸಿಸರ ಸಮ್ಮುಖದಲ್ಲಿ ಸನ್ಯಾಸಿಗಳ ಮಹಾಸಭೆ ಸೇರಿದಾಗ ಇವರೂ ಹೋದರು. ಸಭೆ ಮುಗಿದು ಎಲ್ಲರಿಗೂ ಊರು, ಕೆಲಸ ಹಂಚಿಕೆಯಾಯಿತು. ಈ ಪರದೇಶಿ ಯುವಕನನ್ನು ಯಾರೂ ಕೇಳಲಿಲ್ಲ. ತಾನೇ ಹೋಗಿ ರೊಮಾನ್ಯಾ ಪ್ರಾಂತದ ಮುಖ್ಯಸ್ಥ ಗ್ರಾತ್ಸಿಯಾನೊ ಅವರ ಬಳಿ ತನ್ನನ್ನು ಕರೆದೊಯ್ಯುವಂತೆ ಬೇಡಿಕೊಂಡ. ಅವರು ಫೊರ್ಲಿ ಪಟ್ಟಣದ ಹತ್ತಿರ ಮೊಂತೆಪಾವೊಲೊ ಗುಡ್ಡದ ಆಶ್ರಮಕ್ಕೆ ಹಾಕಿದರು. ಅಲ್ಲಿನ ಸಹೋದರರ ದೃಷ್ಟಿಯಲ್ಲಿ ಈತ ಪಾತ್ರೆ ತೊಳೆಯಲು ಲಾಯಕ್ಕು, ಶಾಸ್ತ್ರಕ್ಕಲ್ಲ. ಎಂಟು ವರ್ಷ ಓದಿದ್ದನ್ನು ಈತನೂ ಯಾರಿಗೂ ಹೇಳಲಿಲ್ಲ. ಹೊಸ ಊರಿನಲ್ಲಿ ನಮ್ಮ ಡಿಗ್ರಿಗೆ ಮೂರು ಕಾಸಿನ ಬೆಲೆಯಿಲ್ಲದ ಮೊದಲ ವರ್ಷ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆದರೆ ನಾವು ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ.

1222ರಲ್ಲಿ ಫೊರ್ಲಿಯಲ್ಲಿ ಗುರುದೀಕ್ಷೆಯ ಸಮಾರಂಭ. ಪ್ರಸಂಗ ಮಾಡಲು ಯಾರೂ ತಯಾರಾಗಿ ಬಂದಿರಲಿಲ್ಲ. ಒಬ್ಬೊಬ್ಬರಾಗಿ ನುಣುಚಿಕೊಂಡರು. ಕೊನೆಗೆ ಮುಖ್ಯಸ್ಥರು ಪಾತ್ರೆ ತೊಳೆಯುವವನನ್ನೇ ಎಬ್ಬಿಸಿದರು. ಅಳುಕುತ್ತ ಶುರುಮಾಡಿದವನು ಮಾತು ಮುಗಿಸುವ ಹೊತ್ತಿಗೆ ಸಭೆ ಬೆರಗಾಗಿತ್ತು. ಅಲ್ಲಿಂದ ಮುಂದಿನ ಒಂಬತ್ತು ವರ್ಷ ಅಂತೋಣಿಯವರಿಗೆ ವಿಶ್ರಾಂತಿ ಸಿಗಲಿಲ್ಲ. ಸಂತ ಫ್ರಾನ್ಸಿಸರು ಪುಸ್ತಕದ ಪಾಂಡಿತ್ಯವನ್ನು ಅಷ್ಟಾಗಿ ನಂಬುವವರಲ್ಲ; ಅಂಥವರೇ ಪತ್ರ ಬರೆದು, ಸಹೋದರರಿಗೆ ದೈವಶಾಸ್ತ್ರ ಕಲಿಸಲು ಇವರಿಗೆ ಒಪ್ಪಿಗೆ ಕೊಟ್ಟರು. ಬೊಲೋನ್ಯಾ, ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ, ತುಲೂಜ್, ಲಿಮೋಜ್, ಮತ್ತೆ ಉತ್ತರ ಇಟಲಿ, ಹೀಗೆ ಕಾಲ್ನಡಿಗೆಯ ಸಂಚಾರ.

ಕಳೆದ ವಸ್ತುವಿನ ಕಥೆ ಈ ಕಾಲದ್ದು. ಅವರ ಬಳಿ ಒಂದು ಕೀರ್ತನೆಗಳ ಪುಸ್ತಕವಿತ್ತು. ಅಚ್ಚುಯಂತ್ರ ಬರುವ ಮೊದಲಿನ ಮಾತು, ಕೈಯಲ್ಲಿ ಬರೆದ ಪುಸ್ತಕವೆಂದರೆ ಒಂದು ಆಸ್ತಿ. ಅಂಚಿನಲ್ಲಿ ಪಾಠಕ್ಕೆಂದು ಬರೆದುಕೊಂಡ ಟಿಪ್ಪಣಿಗಳು ಬೇರೆ. ಮಠ ಬಿಟ್ಟು ಓಡಿದ ಒಬ್ಬ ಕಿರಿಯ ಅದನ್ನೂ ಎತ್ತಿಕೊಂಡು ಹೋದ. ಅಂತೋಣಿಯವರು ಪ್ರಾರ್ಥಿಸಿದರು, ಹುಡುಗ ಪುಸ್ತಕದ ಜೊತೆ ತಾನೂ ಹಿಂದಿರುಗಿದ ಎನ್ನುತ್ತದೆ ಐತಿಹ್ಯ. ಪುಸ್ತಕ ಸಿಕ್ಕಿದ್ದನ್ನಷ್ಟೇ ಜನ ನೆನಪಿಟ್ಟುಕೊಂಡರು.

ಈಗ 1231ಕ್ಕೆ ಬರೋಣ. ಅಂತೋಣಿಯವರು ಪಾದುವಾದಲ್ಲಿ ನೆಲೆನಿಂತಿದ್ದರು. ಆ ವರ್ಷದ ತಪಸ್ಸುಕಾಲದಲ್ಲಿ ದಿನವೂ ಪ್ರಸಂಗ. ಚರ್ಚುಗಳು ಸಾಲದೆ ಬಯಲಿಗೆ ಹೋಗಬೇಕಾಯಿತು. ಪ್ರಸಂಗ ಮುಗಿಯುವವರೆಗೆ ವರ್ತಕರು ಅಂಗಡಿ ತೆರೆಯುತ್ತಿರಲಿಲ್ಲ. ಅವರ ನಿಲುವಂಗಿಯ ಚೂರು ಕತ್ತರಿಸಿಕೊಳ್ಳಲು ನುಗ್ಗುವವರನ್ನು ತಡೆಯಲು ಗಟ್ಟಿಮುಟ್ಟಾದ ಯುವಕರ ಕಾವಲು ಬೇಕಾಯಿತು. ಪಾದುವಾ ವ್ಯಾಪಾರದ ಊರು, ಬಡ್ಡಿಯ ಊರು. ಸಾಲ ತೀರಿಸಲಾಗದವನಿಗೆ ಜೈಲು. ಮನೆ, ಹೊಲ, ಇದ್ದಬದ್ದದ್ದನ್ನೆಲ್ಲ ಬಿಟ್ಟುಕೊಟ್ಟರೂ ಬಾಕಿ ಉಳಿದರೆ ಒಳಗೇ. ಅವನ ಜೊತೆ ಜಾಮೀನು ನಿಂತವನೂ.

ಪ್ರತಿದಿನ ಪಾಪನಿವೇದನೆ ಕೇಳುತ್ತಿದ್ದ ಅಂತೋಣಿಯವರಿಗೆ ಈ ಮನೆಗಳ ಕಥೆಯೆಲ್ಲ ತಿಳಿದಿರಲೇಬೇಕು. ಅವರು ದುಡ್ಡು ಕೂಡಿಸಿ ನಾಲ್ಕು ಜನರನ್ನು ಬಿಡಿಸಿ ಸುಮ್ಮನಾಗಲಿಲ್ಲ. ಪೌರಾಡಳಿತದ ಬಳಿ ಕಾನೂನು ಬದಲಿಸಲು ಕೇಳಿದರು. 1231ರ ಮಾರ್ಚ್ 15ರಂದು ಪಾದುವಾ ನಗರ ಒಂದು ಶಾಸನ ಹೊರಡಿಸಿತು: ತನ್ನ ಆಸ್ತಿಯನ್ನೆಲ್ಲ ಒಪ್ಪಿಸಿದ ಸಾಲಗಾರನನ್ನಾಗಲಿ ಅವನ ಜಾಮೀನುದಾರನನ್ನಾಗಲಿ ಹಣದ ಬಾಕಿಗಾಗಿ ಸೆರೆಯಲ್ಲಿಡಕೂಡದು. ಇದು ಯಾರ ಕೋರಿಕೆಯ ಮೇರೆಗೆ ಎಂಬಲ್ಲಿ ಅಂತೋಣಿಯವರ ಹೆಸರೇ ಇದೆ. ಸಾಲದ ಕಡತಗಳ ನಡುವೆ ದಿನ ಕಳೆಯುವ ನನಗೆ ಅವರ ಪವಾಡಗಳ ಪಟ್ಟಿಗಿಂತ ಈ ಶಾಸನ ದೊಡ್ಡದಾಗಿ ಕಾಣುತ್ತದೆ. ಅದರಲ್ಲೂ ಜಾಮೀನುದಾರನನ್ನು ಮರೆಯದೇ ಸೇರಿಸಿದ್ದು. ಸ್ನೇಹಕ್ಕೆ ಕಟ್ಟುಬಿದ್ದು ಎಲ್ಲಿ ಹೇಳಿದರೆ ಅಲ್ಲಿ ಸಹಿ ಹಾಕಿ ಕೊನೆಗೆ ಸಿಕ್ಕಿಕೊಳ್ಳುವವನು ಅವನೇ ತಾನೆ?

ಕೇಳಿದ್ದೆಲ್ಲ ಸಿಕ್ಕಿತೆಂದಲ್ಲ. ವೆರೋನಾ ಕಡೆ ಎತ್ಸೆಲಿನೊ ಎಂಬ ಕ್ರೂರಿ ಪಾಳೆಯಗಾರನ ಹಿಡಿತದಲ್ಲಿ ಕೌಂಟ್ ರಿತ್ಸಾರ್ದೊ ಮತ್ತು ಸಂಗಡಿಗರು ಬಂದಿಗಳಾಗಿದ್ದರು. ಅವರನ್ನು ಬಿಡಿಸಲು ಅಂತೋಣಿಯವರು ತಾವೇ ಹೋಗಿ ಬೇಡಿಕೊಂಡರೂ ಆತ ಕರಗಲಿಲ್ಲ. ಬರಿಗೈಯಲ್ಲಿ ಬಂದರು.

ಮೈ ಸೋತಿತ್ತು. ಕಾಂಪೊಸಾಂಪಿಯೆರೊ ಎಂಬಲ್ಲಿ ಒಂದು ದೊಡ್ಡ ಆಕ್ರೋಟು ಮರದ ಕೊಂಬೆಗಳ ನಡುವೆ ಕಟ್ಟಿಸಿಕೊಂಡ ಗುಡಿಸಲಿನಲ್ಲಿ ಕೊನೆಯ ದಿನಗಳನ್ನು ಕಳೆದರು. ಜೂನ್ 13ರಂದು ಊಟಕ್ಕೆ ಕೂತಾಗ ಕುಸಿದರು. ಪಾದುವಾಕ್ಕೆ ಕರೆದೊಯ್ಯಲು ಕೇಳಿ, ಎತ್ತಿನ ಗಾಡಿಯಲ್ಲಿ ಮಲಗಿ ಹೊರಟರೂ ಊರು ಮುಟ್ಟಲಿಲ್ಲ. ಹೊರವಲಯದ ಆರ್ಚೆಲ್ಲಾದಲ್ಲಿ ಪ್ರಾಣ ಹೋಯಿತು. ರೂಢಿಯ ಲೆಕ್ಕದಲ್ಲಿ ವಯಸ್ಸು 36. ದೇಹ ತಮಗೇ ಬೇಕೆಂದು ಎರಡು ಕಡೆಯವರು ಬಡಿದಾಡುವ ಮಟ್ಟಕ್ಕೆ ಹೋಗಿ, ಅಂತ್ಯಕ್ರಿಯೆ ನಡೆದದ್ದು 17ರಂದು. ಅಂದು ಮಂಗಳವಾರ. ಆರ್ಮೇನಿಯನ್ ಸ್ಟ್ರೀಟಿನ ಮಂಗಳವಾರದ ನೂಕುನುಗ್ಗಲಿನ ಮೂಲ ಅದು.

ವರ್ಷ ತುಂಬುವ ಮೊದಲೇ, 1232ರ ಮೇ 30ರಂದು ಪೋಪ್ 9ನೇ ಗ್ರೆಗೊರಿ ಅವರನ್ನು ಸಂತರೆಂದು ಘೋಷಿಸಿದರು. ಆಮೇಲೆ ಜನ ಅವರಿಗೆ ಹಚ್ಚಿದ ಕೆಲಸಗಳು ಒಂದೆರಡಲ್ಲ. 1668ರಲ್ಲಿ ಪೋರ್ಚುಗಲ್ ಅವರನ್ನು ಲಾಗೊಸ್‌ನ ಕಾಲ್ದಳಕ್ಕೆ ಸಿಪಾಯಿಯಾಗಿ ಸೇರಿಸಿಕೊಂಡಿತು. 1683ರಲ್ಲಿ ಕ್ಯಾಪ್ಟನ್ ಆಗಿ ಬಡ್ತಿ. ತೀರಿಕೊಂಡು ನಾಲ್ಕೂವರೆ ಶತಮಾನದ ಮೇಲೆ ಪ್ರಮೋಷನ್! ಫ್ರಾನ್ಸಿನ ತುಲೊನ್‌ನಲ್ಲಿ 1890ರ ಸುಮಾರಿಗೆ ಲೂಯಿಸ್ ಬೂಫಿಯೆ ಎಂಬ ಅಂಗಡಿಯಾಕೆಗೆ ಒಂದು ಬೆಳಿಗ್ಗೆ ಬಾಗಿಲ ಬೀಗ ತೆಗೆಯಲಾಗಲಿಲ್ಲ. ಬೀಗದವನೂ ಸೋತ. ಬಾಗಿಲು ಒಡೆಯದೆ ತೆರೆದರೆ ಬಡವರಿಗೆ ರೊಟ್ಟಿ ಹಂಚುತ್ತೇನೆಂದು ಆಕೆ ಅಂತೋಣಿಯವರಿಗೆ ಹರಕೆ ಹೊತ್ತಳು, ಬೀಗ ತೆರೆಯಿತು ಎಂಬುದು ಕಥೆ. ಅಂತೋಣಿಯವರ ರೊಟ್ಟಿ ಎಂಬ ಹೆಸರಿನಲ್ಲಿ ಬಡವರಿಗೆ ಕೊಡುವ ಪದ್ಧತಿ ಹಬ್ಬಿದ್ದು ಅಲ್ಲಿಂದ. ಅನೇಕ ಚರ್ಚುಗಳಲ್ಲಿ ಅವರ ಪ್ರತಿಮೆಯ ಕೆಳಗಿರುವ ಹುಂಡಿ ಅದಕ್ಕೇ.

ನಮ್ಮ ಮೈಸೂರು ಜಿಲ್ಲೆಯ ಡೋರ್ನಹಳ್ಳಿಗೆ ಅವರು ಬಂದದ್ದು ಉಳುವ ಹೊಲದಿಂದ. ರೈತನೊಬ್ಬನ ನೇಗಿಲಿಗೆ ವಿಗ್ರಹ ಸಿಕ್ಕಿತು, ಯಾರದೆಂದು ಅವನಿಗೆ ತಿಳಿಯಲಿಲ್ಲ ಎನ್ನುತ್ತದೆ ಅಲ್ಲಿನ ಐತಿಹ್ಯ. ಇಂದು ಅದು ಬಸಿಲಿಕಾ. ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿಯವರೂ ಹರಕೆ ತೀರಿಸಲು ಬರುತ್ತಾರೆ, ಆ ದಿನ ಲಿಸ್ಬನ್‌ನಲ್ಲೂ ಊರಿಗೆಲ್ಲ ರಜೆ.