ರ‍್ಯಾಂಗ್ಲರ್ ಪಾವಟೆಯವರು

ದಾದಪ್ಪ ಚಿಂತಪ್ಪ ಪಾವಟೆಯವರು 1899ರ ಆಗಸ್ಟ್ 2ರಂದು ಗೋಕಾಕ ತಾಲೂಕಿನ ಮಮದಾಪುರದಲ್ಲಿ ಜನಿಸಿದರು. ಆಗ ಮುಂಬಯಿ ಕರ್ನಾಟಕದಲ್ಲಿ ಒಂದೂ ಕಾಲೇಜು ಇರಲಿಲ್ಲ. ಮೆಟ್ರಿಕ್ ಮುಗಿಸಿದವರು ಪುಣೆಗೋ ಮುಂಬಯಿಗೋ ಹೋಗಬೇಕು. ಅನುಕೂಲವಿಲ್ಲದವರ ಓದು ಅಲ್ಲಿಗೇ ಮುಗಿಯಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಹೊಸದಾದ ಆ ಕಾಲೇಜಿನಲ್ಲಿಯೇ ಪಾವಟೆಯವರು ಓದಿದರು. ಅಲ್ಲಿ ಗಳಿಸಿದ ಗಣಿತಜ್ಞಾನವು ಅವರನ್ನು ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಒಯ್ದಿತು. ಗಣಿತದ ಆನರ್ಸ್ ಪರೀಕ್ಷೆಯಲ್ಲಿ ಪ್ರಥಮ ವರ್ಗ ಪಡೆದು ಅವರು ರ‍್ಯಾಂಗ್ಲರ್ ಎನಿಸಿದರು.

ತಾಯ್ನಾಡಿಗೆ ಮರಳಿ ಅಧ್ಯಾಪಕರಾದರು. ಮುಂದೆ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ, ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅದನ್ನು ಕಟ್ಟಿ ಬೆಳೆಸಿದರು. ಅನಂತರ 1973ರವರೆಗೆ ಪಂಜಾಬಿನ ರಾಜ್ಯಪಾಲರಾಗಿದ್ದು, 1979ರಲ್ಲಿ ದಿವಂಗತರಾದರು.

ಯಡೂರು, ಚಿಕ್ಕೋಡಿ, ರಾಯಬಾಗ ಕಡೆಯ ನಾವು ಇಂದು ಮನೆಯ ರೊಟ್ಟಿ ಕಟ್ಟಿಕೊಂಡು ಕಾಲೇಜಿಗೆ ಬಂದು, ಸಂಜೆಗೆ ಮರಳುತ್ತೇವೆ. ನಮ್ಮಲ್ಲನೇಕರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲಿಗರು. ದೂರದ ದೊಡ್ಡ ಕಾಲೇಜು ಸಿಗಲಿಲ್ಲವೆಂದು ಕೊರಗುವ ಮಿತ್ರರು ಪಾವಟೆಯವರ ಬಾಳನ್ನು ನೋಡಬೇಕು. ಹತ್ತಿರದ ಕಾಲೇಜು ಅವರಿಗೆ ಸಾಕಾಯಿತು, ಏಕೆಂದರೆ ಅದು ಕೊಟ್ಟದ್ದನ್ನು ಅವರು ಪೂರ್ತಿಯಾಗಿ ಪಡೆದರು. ಪಡೆದುದನ್ನು ಹಿಂದೆ ಬರುವವರಿಗೆ ಮರಳಿ ಕೊಟ್ಟರು. ಆ ಋಣ ಈಗ ನಮ್ಮ ಮೇಲಿದೆ.